ಮೇಜಿನ ಗಣಕದಿಂದ ಮೇಘದ ಗಣಕಕ್ಕೆ

ಮೇಜಿನ ಮೇಲಿರುವ ನಮ್ಮ ಗಣಕಯಂತ್ರದಲ್ಲಿ ಒಂದು ಕಡತವನ್ನು ತೆರೆದು, ಒಂದು ವಾಕ್ಯವನ್ನು ತಿದ್ದಿ, ಉಳಿಸೆಂದು ಆಜ್ಞೆ ಕೊಟ್ಟರೆ ಕೆಲಸ ಮುಗಿಯಿತು. ತಿದ್ದಿದ್ದು ಉಳಿಯಿತೋ ಇಲ್ಲವೋ ಎಂಬ ಸಂಶಯಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ. ಆದರೆ ತಿದ್ದಬೇಕಾದ ಪುಟ ಕಡಲಾಚೆಯ ಇನ್ನೊಂದು ಯಂತ್ರದಲ್ಲಿದ್ದು, ಅದೇ ಗಳಿಗೆಯಲ್ಲಿ ಬೇರೊಬ್ಬರೂ ಅದನ್ನು ತಿದ್ದುತ್ತಿರಬಹುದಾದಲ್ಲಿ, ಈ ಸರಳ ಕಾರ್ಯವೇ ಬಹು ಸೂಕ್ಷ್ಮವಾಗುತ್ತದೆ. ನಮ್ಮ ಪರವಾಗಿ ದೂರದ ಯಂತ್ರದೊಡನೆ ಮಾತನಾಡಲು ಮೇಜಿನ ಗಣಕದಲ್ಲಿ ನೆಲಸಿರುವ ಕ್ರಮವಿಧಿಗೆ ‘ಕ್ಲೈಂಟ್’ ಎಂದು ಹೆಸರು. ಉತ್ತರವೀಯುವ ದೂರದ ಯಂತ್ರ ‘ಸರ್ವರ್’. ಒಳ್ಳೆಯ ಕ್ಲೈಂಟನ್ನು ಬರೆಯಬೇಕಾದರೆ ಯಾವ ಯಾವ ಅಂಶಗಳನ್ನು ಗಮನಿಸಬೇಕೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಉದಾಹರಣೆಗೆ ವಾಚಕರೆಲ್ಲರಿಗೂ ಪರಿಚಿತವಾದ ವಿಕಿಪೀಡಿಯವನ್ನೇ ತೆಗೆದುಕೊಳ್ಳೋಣ. 2001ರಲ್ಲಿ ಹುಟ್ಟಿದ ಈ ವಿಶ್ವಕೋಶದ ಕನ್ನಡ ಆವೃತ್ತಿ 2003ರಲ್ಲಿ ಆರಂಭವಾಯಿತು. ಅದನ್ನು ಯಾರು ಬೇಕಾದರೂ ಬ್ರೌಸರಿನ ಮೂಲಕ ತಿದ್ದಬಹುದು. ಆದರೆ ನೂರು ಲೇಖನಗಳಲ್ಲಿ ಒಂದೇ ಬಗೆಯ ಕಾಗುಣಿತದ ತಪ್ಪು ನುಸುಳಿದೆಯೆಂದು ಭಾವಿಸಿರಿ. ಒಂದೊಂದನ್ನೇ ತೆರೆದು ತಿದ್ದುವುದು ಬೇಸರದ ಕೆಲಸ. ಇದಕ್ಕೆಂದೇ ಮೇಜಿನ ಗಣಕದಲ್ಲಿ ನಡೆಯುವ ಕ್ರಮವಿಧಿಗಳುಂಟು, ‘ಆಟೋವಿಕಿಬ್ರೌಸರ್’ ಅಂಥವುಗಳಲ್ಲೊಂದು. ನಾವೂ ಅಂಥದೊಂದನ್ನು ಬರೆಯಲು ಹೊರಟಿದ್ದೇವೆಂದು ಇಟ್ಟುಕೊಳ್ಳೋಣ.

ಮೇಘವೆಂದರೇನು?

‘ಮೇಘ’ ಎಂಬ ಹೆಸರು ಕಿವಿಗೆ ಇಂಪಾಗಿದ್ದರೂ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾವಿರಾರು ಗಣಕಗಳನ್ನು ಕಪಾಟುಗಳಲ್ಲಿ ಜೋಡಿಸಿ, ವಿದ್ಯುತ್ತನ್ನೂ ತಂಪನ್ನೂ ಒದಗಿಸಿರುವ ಕಟ್ಟಡಗಳೇ ಈ ಮೇಘದ ನಿಜ ರೂಪ. ಕೆಲವು ಸಂಸ್ಥೆಗಳು ಅಂಥ ಗಣಕಗಳನ್ನು ಬಾಡಿಗೆಗೆ ಹಿಡಿಯುತ್ತವೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನ ತನ್ನ ಯಂತ್ರಗಳನ್ನು ತಾನೇ ಇಟ್ಟುಕೊಂಡಿದೆ. ಮುಖ್ಯ ಕೇಂದ್ರಗಳು ಎರಡು: ಅಮೆರಿಕದ ವರ್ಜೀನಿಯದಲ್ಲಿರುವ ಆ್ಯಶ್‌ಬರ್ನ್ ಮತ್ತು ಟೆಕ್ಸಾಸಿನ ಕ್ಯಾರಲ್ಟನ್. ಏಷ್ಯದ ಓದುಗರಿಗೆ ಹತ್ತಿರವಾಗಲೆಂದು 2018ರಲ್ಲಿ ಸಿಂಗಪುರದಲ್ಲಿ ಒಂದು ಉಪಕೇಂದ್ರ ತೆರೆಯಿತು. ಓದುವ ಪುಟಗಳ ಪ್ರತಿಗಳು ಅಲ್ಲಿಯೇ ದೊರೆಯಬಹುದು. ತಿದ್ದುಪಡಿಯಾದರೋ ಮುಖ್ಯ ಕೇಂದ್ರವನ್ನು ಮುಟ್ಟಲೇಬೇಕು. ಕ್ಲೈಂಟಿನ ದೃಷ್ಟಿಯಿಂದ ಯಂತ್ರ ಬಾಡಿಗೆಯದೋ ಸ್ವಂತದ್ದೋ ಎಂಬ ಭೇದವಿಲ್ಲ. ಅದು ದೂರದಲ್ಲಿದೆ, ನಮ್ಮ ಅಧೀನದಲ್ಲಿಲ್ಲ, ಹಲವರ ಸೊತ್ತು. ಈ ಮೂರು ಸಂಗತಿಗಳಿಂದಲೇ ಮುಂದಿನ ಎಲ್ಲ ತೊಡಕುಗಳೂ ಹುಟ್ಟುತ್ತವೆ.

ಕೋರಿಕೆ ಮತ್ತು ಉತ್ತರ

ಜಿನೀವದ ಬಳಿಯ ಸರ್ನ್ ಭೌತಶಾಸ್ತ್ರ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1990ರಲ್ಲಿ ಅವರು ಬರೆದ ಮೊಟ್ಟಮೊದಲ ಬ್ರೌಸರು ಓದುವುದಕ್ಕಷ್ಟೇ ಅಲ್ಲದೆ ತಿದ್ದುವುದಕ್ಕೂ ಒದಗುತ್ತಿತ್ತೆಂಬುದು ಸ್ವಾರಸ್ಯದ ಸಂಗತಿ. ಅಂದು ರೂಪುಗೊಂಡ ಎಚ್‌ಟಿಟಿಪಿ ನಿಯಮಾವಳಿಯೇ ಇಂದಿಗೂ ಕ್ಲೈಂಟ್ ಮತ್ತು ಸರ್ವರುಗಳ ಸಂಭಾಷಣೆಗೆ ಆಧಾರ. ಅದರ ತಿರುಳು ಸರಳ: ಕ್ಲೈಂಟು ಕೋರಿಕೆಯನ್ನು ಕಳುಹಿಸುತ್ತದೆ, ಸರ್ವರು ಉತ್ತರವನ್ನು ಕೊಡುತ್ತದೆ. ಕೇಳದೆ ಸರ್ವರು ಬಾಯಿ ಬಿಡುವುದಿಲ್ಲ.

ವಿಕಿಪೀಡಿಯದ ಪುಟವೊಂದನ್ನು ತಿದ್ದಲು ಮೂರು ಕೋರಿಕೆಗಳು ಬೇಕು. ಮೊದಲನೆಯದು, ಪುಟದ ಈಗಿನ ಪಠ್ಯವನ್ನೂ ಅದರ ಆವೃತ್ತಿಯ ಸಂಖ್ಯೆಯನ್ನೂ ಕೇಳುವುದು. ಎರಡನೆಯದು, ಒಂದು ಬಿಲ್ಲೆಯನ್ನು ಪಡೆಯುವುದು. ತಿದ್ದುವವರ ಅರಿವಿಗೆ ಬಾರದಂತೆ ಬೇರೊಂದು ತಾಣ ಅವರ ಹೆಸರಿನಲ್ಲಿ ತಿದ್ದುಪಡಿ ಮಾಡದಿರಲೆಂದು ಈ ಬಿಲ್ಲೆಯ ಏರ್ಪಾಡು. ಮೂರನೆಯದು, ಹೊಸ ಪಠ್ಯ, ತಿದ್ದುಪಡಿಯ ಸಾರಾಂಶ ಮತ್ತು ಬಿಲ್ಲೆ, ಇವುಗಳನ್ನು ಒಟ್ಟಿಗೆ ಕಳುಹಿಸುವುದು. ಪ್ರತಿಯೊಂದು ಕೋರಿಕೆಯಲ್ಲಿಯೂ ತಾನು ಯಾವ ಕ್ರಮವಿಧಿ, ತನ್ನ ಕರ್ತೃವನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನು ಕ್ಲೈಂಟು ಹೇಳಿಕೊಳ್ಳಬೇಕೆಂದು ವಿಕಿಮೀಡಿಯಾದ ನಿಯಮವಿದೆ. ಹೆಸರು ಹೇಳದೆ ಮನೆಯೊಳಗೆ ನುಗ್ಗುವವನನ್ನು ಯಾರು ತಾನೆ ನಂಬುತ್ತಾರೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉತ್ತರದ ತಲೆಯಲ್ಲಿ 200 ಎಂಬ ಸಂಖ್ಯೆಯಿದ್ದರೆ ಎಲ್ಲವೂ ಸರಿಯೆಂದು ಎಚ್‌ಟಿಟಿಪಿಯ ಸಂಕೇತ. ಆದರೆ ವಿಕಿಪೀಡಿಯದ ಸರ್ವರು ತಿದ್ದುಪಡಿಯನ್ನು ನಿರಾಕರಿಸಿದಾಗಲೂ ಬಹುಮಟ್ಟಿಗೆ 200 ಎಂದೇ ಹೇಳಿ, ನಿರಾಕರಣೆಯ ಕಾರಣವನ್ನು ಉತ್ತರದ ಒಡಲಿನಲ್ಲಿ ಬರೆದಿರುತ್ತದೆ. ಅಂಚೆಯವನು ಲಕೋಟೆಯನ್ನು ತಲುಪಿಸಿದನೆಂದ ಮಾತ್ರಕ್ಕೆ ನಮ್ಮ ಅರ್ಜಿ ಮಂಜೂರಾಯಿತೆಂದು ಅರ್ಥವಲ್ಲ. ಲಕೋಟೆಯನ್ನು ಒಡೆದು ಓದಬೇಕು.

ಅಕ್ಷರ ಮೂರು, ಬೈಟು ಹದಿನೈದು

ಕನ್ನಡದ ಪಠ್ಯವನ್ನು ಕಳುಹಿಸುವವರು ಇನ್ನೊಂದು ಅಂಶವನ್ನು ನೆನಪಿಡಬೇಕು. ಜಾಲದಲ್ಲಿ ಹರಿಯುವುದು ಅಕ್ಷರಗಳಲ್ಲ, ಬೈಟುಗಳು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂಬ ಅಕ್ಷರ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಈಗ ‘ಕನ್ನಡ’ ಎಂಬ ಪದವನ್ನು ನೋಡಿರಿ. ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಸಂಕೇತಗಳು. ಬೈಟುಗಳಾದರೆ ಹದಿನೈದು. ಕೋರಿಕೆಯ ಉದ್ದವನ್ನು ಬೈಟುಗಳಲ್ಲಿ ಹೇಳಬೇಕಾದಲ್ಲಿ ಅಕ್ಷರಗಳಲ್ಲಿ ಹೇಳಿದರೆ ಸರ್ವರು ವಾಕ್ಯವನ್ನು ಅರ್ಧಕ್ಕೇ ಕತ್ತರಿಸಿಕೊಂಡೀತು. ಇಂಗ್ಲಿಷಿನ ಸಾಮಾನ್ಯ ಅಕ್ಷರಕ್ಕೆ ಒಂದೇ ಬೈಟು ಸಾಕಾದ್ದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ನಾವು ಬರೆಯುವ ಕ್ಲೈಂಟನ್ನು ಮೊದಲ ದಿನದಿಂದಲೇ ಒತ್ತಕ್ಷರಗಳುಳ್ಳ ಕನ್ನಡ ವಾಕ್ಯಗಳಿಂದ ಪರೀಕ್ಷಿಸುವುದು ಲೇಸು.

ಬೆಳಕಿಗೂ ಸಮಯ ಬೇಕು

ದೂರದ ಪರಿಣಾಮವನ್ನು ಈಗ ಲೆಕ್ಕ ಹಾಕೋಣ. ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಚಲಿಸಿದರೂ ಗಾಜಿನ ಎಳೆಯಲ್ಲಿ ಅದರ ವೇಗ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದೂರ ಸುಮಾರು 3,160 ಕಿಲೋಮೀಟರು. ಹೋಗಿಬರಲು ಕನಿಷ್ಠ 32 ಮಿಲಿಸೆಕೆಂಡು. ಸಿಂಗಪುರದಿಂದ ಆ್ಯಶ್‌ಬರ್ನ್ ಇನ್ನೂ 15,500 ಕಿಲೋಮೀಟರು ದೂರ. ಆದ್ದರಿಂದ ಬೆಂಗಳೂರಿನಿಂದ ಸಿಂಗಪುರದ ಮೂಲಕ ಆ್ಯಶ್‌ಬರ್ನಿಗೆ ಹೋಗಿಬರಲು ಕನಿಷ್ಠ 187 ಮಿಲಿಸೆಕೆಂಡು.

ಮಾತು ಆರಂಭವಾಗುವುದಕ್ಕೆ ಮೊದಲೇ ಎರಡು ಪ್ರಯಾಣಗಳು ವ್ಯಯವಾಗುತ್ತವೆ. ಸಂಪರ್ಕವನ್ನು ಸ್ಥಾಪಿಸಲು ಒಂದು. 2018ರ ಟಿಎಲ್‌ಎಸ್ 1.3 ಪದ್ಧತಿಯಂತೆ ಗುಪ್ತಲಿಪಿಯ ಒಪ್ಪಂದಕ್ಕೆ ಇನ್ನೊಂದು. ಇವೆರಡೂ ಸಿಂಗಪುರದವರೆಗೆ ಮಾತ್ರ ಎಂದಿಟ್ಟುಕೊಂಡರೂ 64 ಮಿಲಿಸೆಕೆಂಡು. ತಿದ್ದುಪಡಿಯ ಪ್ರಯಾಣವನ್ನು ಸೇರಿಸಿದರೆ ಒಟ್ಟು 251, ಎಂದರೆ ಕಾಲು ಸೆಕೆಂಡು. ತಂತಿಗಳು ನೇರವಾಗಿ ಹಾಯುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಎಷ್ಟೇ ಹಣ ಸುರಿದರೂ ಈ ಕನಿಷ್ಠ ಮಿತಿಯನ್ನು ತಗ್ಗಿಸಲಾಗದು. ಅದು ಪ್ರಕೃತಿಯ ಕಟ್ಟಳೆ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಒಂದು, ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆ ಮುಂದಿನ ಕೋರಿಕೆಗಳಿಗೂ ಬಳಸಿಕೊಳ್ಳಬೇಕು. ನೂರು ತಿದ್ದುಪಡಿಗಳಲ್ಲಿ ಇದರಿಂದ ಆರು ಸೆಕೆಂಡಿಗಿಂತ ಹೆಚ್ಚಿನ ಉಳಿತಾಯ. ಎರಡು, ಉತ್ತರಕ್ಕಾಗಿ ಕಾಯುವ ಕೆಲಸವನ್ನೂ ಪರದೆಯನ್ನು ಚಿತ್ರಿಸುವ ಕೆಲಸವನ್ನೂ ಬೇರೆ ಬೇರೆ ಎಳೆಗಳಲ್ಲಿ ನಡೆಸಬೇಕು. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವುದಾದರೆ ಕಾಲು ಸೆಕೆಂಡಿನಲ್ಲಿ 15 ಚಿತ್ರಗಳು ತಪ್ಪಿಹೋಗುತ್ತವೆ. ಕಿಟಕಿ ಮರಗಟ್ಟಿದಂತೆ ಕಾಣುತ್ತದೆ. ಜಾಲವೇ ಕಡಿದಾಗ ಬಳಕೆದಾರನು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಕೊನೆಗೆ ಕ್ರಮವಿಧಿಯನ್ನೇ ಮುಚ್ಚಿ, ಬರೆದದ್ದನ್ನೆಲ್ಲ ಕಳೆದುಕೊಳ್ಳುತ್ತಾನೆ. ಕಳುಹಿಸುವ ಮೊದಲೇ ಕರಡನ್ನು ತನ್ನ ಗಣಕದಲ್ಲಿ ಬರೆದಿಡುವುದು ಈ ಕಾರಣದಿಂದಲೇ ವಿವೇಕ.

ಇಬ್ಬರು ಒಂದೇ ಪುಟವನ್ನು ತಿದ್ದಿದರೆ

ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕ್ಲೈಂಟು ಒಂದು ಪುಟವನ್ನು ತರಿಸಿಕೊಂಡಿತು. ಹತ್ತೂ ಐದಕ್ಕೆ ಧಾರವಾಡದ ಅಧ್ಯಾಪಕರೊಬ್ಬರು ಅದೇ ಪುಟಕ್ಕೆ ಶ್ರಮವಹಿಸಿ ಮೂರು ವಾಕ್ಯವೃಂದಗಳನ್ನು ಸೇರಿಸಿದರು. ಹತ್ತೂ ಹತ್ತಕ್ಕೆ ನಾವು ಒಂದು ಕಾಗುಣಿತವನ್ನು ತಿದ್ದಿ ಇಡೀ ಪುಟವನ್ನು ಹಿಂದಕ್ಕೆ ಕಳುಹಿಸಿದೆವು. ನಮ್ಮಲ್ಲಿರುವುದು ಹತ್ತು ಗಂಟೆಯ ಪ್ರತಿ. ಸರ್ವರು ಅದನ್ನು ಹಾಗೆಯೇ ಒಪ್ಪಿಕೊಂಡರೆ ಒಂದು ಕೊಂಬಿನ ತಿದ್ದುಪಡಿಗಾಗಿ ಇನ್ನೊಬ್ಬರ ಮೂರು ವಾಕ್ಯವೃಂದಗಳು ಪುಟದಿಂದ ಮಾಯವಾಗುವುವು. ಯಾರದೂ ದುರುದ್ದೇಶವಿಲ್ಲ, ಆದರೂ ಅನ್ಯಾಯವಾಯಿತು.

ಪರಿಹಾರವೇನೆಂದರೆ, ಯಾವ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು ತಿದ್ದಿದೆವೋ ಅದರ ಸಂಖ್ಯೆಯನ್ನೂ ಜೊತೆಗೆ ಕಳುಹಿಸುವುದು. ಆಗ ಸರ್ವರು ಈಗಿನ ಆವೃತ್ತಿಯೊಡನೆ ಹೋಲಿಸುತ್ತದೆ. ಬದಲಾವಣೆಗಳು ಬೇರೆ ಬೇರೆ ಭಾಗಗಳಲ್ಲಿದ್ದರೆ ಎರಡನ್ನೂ ಹೊಂದಿಸಲು ಯತ್ನಿಸುತ್ತದೆ. ಸಾಧ್ಯವಾಗದಿದ್ದರೆ ‘ತಿದ್ದುಪಡಿಗಳ ಘರ್ಷಣೆ’ ಎಂದು ತಿಳಿಸಿ ನಮ್ಮದನ್ನು ತಡೆಯುತ್ತದೆ. ಈ ಸಂಖ್ಯೆಯನ್ನು ಕಳುಹಿಸುವುದು ಕಡ್ಡಾಯವಲ್ಲ. ಆದರೆ ಕಳುಹಿಸದ ಕ್ಲೈಂಟು ಇತರರ ಪರಿಶ್ರಮದ ಮೇಲೆ ಕಣ್ಣುಮುಚ್ಚಿ ನಡೆಯುತ್ತದೆ.

ಉತ್ತರ ಬಾರದಿದ್ದರೆ

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಇದು. ತಿದ್ದುಪಡಿಯನ್ನು ಕಳುಹಿಸಿದೆವು, ಅಷ್ಟರಲ್ಲಿ ಸಂಪರ್ಕ ಕಡಿಯಿತು. ಕೋರಿಕೆ ತಲುಪುವ ಮೊದಲೇ ಕಡಿಯಿತೇ, ಅಥವಾ ಕೆಲಸವಾದ ಬಳಿಕ ಉತ್ತರ ದಾರಿಯಲ್ಲಿ ಕಳೆದುಹೋಯಿತೇ? ನಮ್ಮ ತುದಿಯಿಂದ ನೋಡಿದರೆ ಎರಡೂ ಒಂದೇ ಬಗೆಯ ಮೌನ. ಉತ್ತರ ತಲುಪಿತೆಂಬುದಕ್ಕೆ ಮರುತ್ತರ ಕಳುಹಿಸೋಣವೆಂದರೆ ಆ ಮರುತ್ತರವೂ ಕಳೆದುಹೋಗಬಹುದು. ಹೀಗೆ ಎಷ್ಟು ಪತ್ರಗಳನ್ನು ಸೇರಿಸಿದರೂ ಸಂಶಯ ಪೂರ್ಣವಾಗಿ ತೊಲಗದು. ಜಿಮ್ ಗ್ರೇ ಎಂಬ ವಿಜ್ಞಾನಿ 1978ರಲ್ಲಿ ಇದನ್ನು ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂದು ಹೆಸರಿಸಿದರು.

ಸಂಶಯವನ್ನು ಅಳಿಸಲಾಗದಿದ್ದರೂ ಅದರಿಂದಾಗುವ ಹಾನಿಯನ್ನು ತಡೆಯಬಹುದು. ವಿಕಿಪೀಡಿಯದ ಸರ್ವರಿಗೆ ಎರಡು ಬಗೆಯಲ್ಲಿ ಹೇಳಲು ಸಾಧ್ಯ: ‘ಪುಟದ ಕೊನೆಗೆ ಈ ಸಾಲನ್ನು ಸೇರಿಸು’ ಎಂದು, ಇಲ್ಲವೆ ‘ಪುಟದ ಪಠ್ಯ ಹೀಗಿರಲಿ’ ಎಂದು. ಮೊದಲನೆಯದನ್ನು ಎರಡು ಸಲ ಹೇಳಿದರೆ ಸಾಲು ಎರಡು ಸಲ ಮೂಡುತ್ತದೆ. ಎರಡನೆಯದನ್ನು ಪುಟವಿನ್ನೂ ಹಾಗೆಯೇ ಇರುವಾಗ ಮರಳಿ ಹೇಳಿದರೆ ಸರ್ವರು ‘ಬದಲಾವಣೆಯೇನೂ ಇಲ್ಲ’ ಎಂದು ಸುಮ್ಮನಾಗುತ್ತದೆ. ದೀಪದ ಗುಂಡಿಯನ್ನು ‘ಬದಲಿಸು’ ಎನ್ನುವುದಕ್ಕೂ ‘ದೀಪ ಉರಿಯುತ್ತಿರಲಿ’ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. ಎಲ್ಲಿ ಸಾಧ್ಯವೋ ಅಲ್ಲಿ ಎರಡನೆಯ ಬಗೆಯ ಕೋರಿಕೆಯನ್ನೇ ಆರಿಸಿಕೊಳ್ಳಬೇಕು. ಅದು ಆಗದಿದ್ದಲ್ಲಿ, ಮತ್ತೆ ಕಳುಹಿಸುವ ಮೊದಲು ಪುಟದ ಇತಿಹಾಸವನ್ನು ತರಿಸಿ ನಮ್ಮ ತಿದ್ದುಪಡಿ ಅಲ್ಲಿದೆಯೇ ಎಂದು ನೋಡಬೇಕು. ಇಲ್ಲಿ ಹೆಚ್ಚೆಂದರೆ ಒಂದು ಸಾಲು ಇಮ್ಮಡಿಯಾದೀತು. ಹಣ ಪಾವತಿಯ ಕ್ಲೈಂಟಿನಲ್ಲಿ ಇದೇ ಅಜಾಗರೂಕತೆ ಒಬ್ಬರ ಖಾತೆಯಿಂದ ಎರಡು ಬಾರಿ ಹಣ ಕಳೆಯುವಂತೆ ಮಾಡೀತು. ಅದಕ್ಕಾಗಿಯೇ ಅಂಥ ಕಡೆ ಪ್ರತಿಯೊಂದು ಪಾವತಿಗೂ ಕ್ಲೈಂಟು ಒಂದು ವಿಶಿಷ್ಟ ಸಂಖ್ಯೆಯನ್ನು ಕಟ್ಟಿ, ಪುನಃ ಕಳುಹಿಸುವಾಗಲೂ ಅದೇ ಸಂಖ್ಯೆಯನ್ನು ಬಳಸುವ ಪದ್ಧತಿಯಿದೆ.

ಬಾಗಿಲು ತಟ್ಟುವ ಬಗೆ

ಸರ್ವರು ಬಳಲಿದಾಗ ಸಾವಿರಾರು ಕ್ಲೈಂಟುಗಳು ಪ್ರತಿ ಸೆಕೆಂಡೂ ಒಟ್ಟಿಗೆ ಮರುಪ್ರಯತ್ನ ಮಾಡಿದರೆ ಅದು ಚೇತರಿಸಿಕೊಳ್ಳುವುದೆಂತು? 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಹೆಜ್ಜೆಗೂಡಿಸಿ ನಡೆದ ಸೈನಿಕರ ತಾಳಕ್ಕೆ ಕುಸಿಯಿತೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹೆಜ್ಜೆ ಮುರಿಯುವುದೇ ಉಪಾಯ. ಮೊದಲ ವಿಫಲತೆಯ ಬಳಿಕ 1 ಸೆಕೆಂಡು, ಅನಂತರ 2, 4, 8, 16 ಎಂದು ಕಾಯುವ ಕಾಲವನ್ನು ಇಮ್ಮಡಿಸುತ್ತ, ಪ್ರತಿಯೊಂದಕ್ಕೂ ಯಾದೃಚ್ಛಿಕವಾದ ಅಲ್ಪಾಂಶವನ್ನು ಬೆರೆಸಬೇಕು. ಇಷ್ಟು ಹೊತ್ತು ತಡೆದು ಬಾ ಎಂದು ಸರ್ವರೇ ತಿಳಿಸಿದರೆ ಆ ಮಾತನ್ನು ತಪ್ಪದೆ ಪಾಲಿಸಬೇಕು.

ಮೇಲಿನದನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೋರಿಕೆಯನ್ನು ಕಳುಹಿಸುವ ಭಾಗವನ್ನು ಬರೆಯಲು ಹತ್ತು ಸಾಲು ಸಾಕು; ಉಳಿದ ಸಾಲುಗಳೆಲ್ಲವೂ ಜಾಲ ಕಡಿದಾಗ, ಉತ್ತರ ತಪ್ಪಿದಾಗ, ಇನ್ನೊಬ್ಬರು ಅಡ್ಡ ಬಂದಾಗ ಸರಿಯಾಗಿ ವರ್ತಿಸುವುದಕ್ಕಾಗಿ. ಆಸಕ್ತಿಯುಳ್ಳ ವಾಚಕರು ಮೊದಲ ಪ್ರಯೋಗವನ್ನು ನಿಜವಾದ ಲೇಖನಗಳ ಮೇಲೆ ಮಾಡದೆ, ಇಂಥ ಅಭ್ಯಾಸಕ್ಕೆಂದೇ ಇರುವ ಪರೀಕ್ಷಾ ವಿಕಿಪೀಡಿಯದಲ್ಲಿ ಮಾಡಬೇಕು. ತಿದ್ದುಪಡಿ ಕಳುಹಿಸಿದ ಕೂಡಲೇ ಜಾಲದ ತಂತಿಯನ್ನು ಕಿತ್ತು, ತಮ್ಮ ಕ್ಲೈಂಟು ಆಗ ಏನು ಹೇಳುತ್ತದೆಂಬುದನ್ನು ಗಮನಿಸಲಿ. ‘ಆಯಿತು’ ಎಂದರೂ ತಪ್ಪು, ‘ಆಗಲಿಲ್ಲ’ ಎಂದರೂ ತಪ್ಪು. ‘ತಿಳಿಯದು, ವಿಚಾರಿಸಿ ಹೇಳುತ್ತೇನೆ’ ಎನ್ನುವ ಕ್ಲೈಂಟೇ ನಂಬಿಕೆಗೆ ಅರ್ಹವಾದದ್ದು.