ಒಂದು ದಿನದ ಅಕ್ಕಿ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿ ಎಂಬ ಊರಿದೆ. ಇಂದು ಅದೊಂದು ಹೋಬಳಿಯ ಕೇಂದ್ರ. ಹಿಂದೆ ಪಾಳೆಯಗಾರರ ರಾಜಧಾನಿ. 18ನೆಯ ಶತಮಾನದಲ್ಲಿ ಹೈದರ ಅಲಿಯು ಈ ಪಾಳೆಯಪಟ್ಟನ್ನು ವಶಪಡಿಸಿಕೊಂಡಾಗ ಅಲ್ಲಿಯ ನಾಯಕರ ಆಳ್ವಿಕೆ ಕೊನೆಗೊಂಡಿತು. ಅರಸೊತ್ತಿಗೆ ಅಳಿಯಿತು, ಊರಿನ ಒಲೆಗಳು ಮಾತ್ರ ಆರಲಿಲ್ಲ. ರಾಗಿ, ತೆಂಗುಗಳನ್ನು ಬೆಳೆಯುವ ಈ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದುದು. ಮನೆಯಲ್ಲಿರುವ ಕಾಳು ಮುಂದಿನ ಸುಗ್ಗಿಯವರೆಗೆ ಬಂದೀತೆ? ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗೆ ಏನನ್ನು ಬಡಿಸಬೇಕು? ಒಬ್ಬರ ದುಡಿಮೆ ನಿಂತರೆ ಉಳಿದವರ ಗತಿಯೇನು? ಇಂಥ ಊರುಗಳ ಮನೆಮನೆಯಲ್ಲಿಯೂ ಈ ಪ್ರಶ್ನೆಗಳು ತಲೆಮಾರುಗಳಿಂದ ಕೇಳಿಬಂದಿವೆ.

ಇವು ಮೇಲುನೋಟಕ್ಕೆ ಚಿಕ್ಕ ಪ್ರಶ್ನೆಗಳು. ದೇವರು, ಧರ್ಮ, ತತ್ತ್ವ ಮುಂತಾದವು ಗುಡಿಗೂ ಗ್ರಂಥಕ್ಕೂ ಸೇರಿದ ವಿಷಯಗಳು, ಅಡುಗೆಮನೆಯ ಚಿಂತೆಗೂ ಅವುಗಳಿಗೂ ಸಂಬಂಧವಿಲ್ಲ ಎಂದು ಭಾವಿಸುವವರುಂಟು. 12ನೆಯ ಶತಮಾನದ ಶರಣರು ಈ ಭಾವನೆಯನ್ನು ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಸತ್ಯಶುದ್ಧವಾದ ದುಡಿಮೆಯೇ ಕಾಯಕ. ದುಡಿದುದನ್ನು ಹಂಚಿ ಉಣ್ಣುವುದೇ ದಾಸೋಹ. ಕದಿರ ರೆಮ್ಮವ್ವೆ ನೂಲುವವಳು. ತನ್ನ ಕದಿರಿನಲ್ಲಿಯೇ ಆಕೆ ತತ್ತ್ವವನ್ನು ಕಂಡಳು. ಕೊಟ್ಟಣದ ಸೋಮಮ್ಮ ಬತ್ತವನ್ನು ಕುಟ್ಟುವವಳು. ಸತ್ಯಕ್ಕ ಅಂಗಳವನ್ನು ಗುಡಿಸುವ ಕಾಯಕದವಳು. ಇವರೆಲ್ಲರೂ ವಚನಗಳನ್ನು ರಚಿಸಿದ್ದಾರೆ. ಮನೆಗೆಲಸದ ನಡುವೆಯೇ ಅರಿವು ಮೂಡಬಲ್ಲುದು ಎಂಬುದಕ್ಕೆ ಇವರ ಬದುಕೇ ಸಾಕ್ಷಿ.

ಮನೆಯ ಒಂದು ಸಣ್ಣ ತೊಡಕು ಎಂಥ ದೊಡ್ಡ ವಿಚಾರಕ್ಕೆ ದಾರಿಯಾದೀತೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಈ ಪ್ರಸಂಗ ನಡೆದುದು ದೂರದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆದರೆ ಅದನ್ನು ಉಳಿಸಿಕೊಟ್ಟವರಲ್ಲಿ ತುಮಕೂರು ಸೀಮೆಯವರೂ ಸೇರಿದ್ದಾರೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಗೊಂಡ ತೋಂಟದ ಸಿದ್ಧಲಿಂಗರ ಪರಂಪರೆಯವರು ವಚನಗಳ ಸಂಗ್ರಹಕಾರ್ಯದಲ್ಲಿ ತೊಡಗಿದರು. ಆ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು ಸಂಪಾದಿಸಿದ ‘ಶೂನ್ಯಸಂಪಾದನೆ’ಯಲ್ಲಿ ಲಕ್ಕಮ್ಮ ಮತ್ತು ಆಕೆಯ ಗಂಡ ಮಾರಯ್ಯನ ವೃತ್ತಾಂತಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಗೂಳೂರು ತುಮಕೂರು ನಗರಕ್ಕೆ ಸಮೀಪದ ಊರು.

ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಆ ಅಕ್ಕಿಯನ್ನು ಲಕ್ಕಮ್ಮ ಅಡುಗೆ ಮಾಡಿ ಜಂಗಮರಿಗೆ ಉಣಬಡಿಸುತ್ತಿದ್ದಳು. ಮಿಕ್ಕುದೇ ದಂಪತಿಗಳ ಊಟ. ಒಂದು ದಿನ ಮಾರಯ್ಯ ಶರಣರೊಡನೆ ತತ್ತ್ವವಿಚಾರದಲ್ಲಿ ಮುಳುಗಿ ತನ್ನ ಕೆಲಸವನ್ನೇ ಮರೆತನು. ಒಲೆ ಹೊತ್ತಿಸುವ ವೇಳೆಯಾದರೂ ಅಕ್ಕಿ ಬರಲಿಲ್ಲ. ಲಕ್ಕಮ್ಮ ಆತನ ಬಳಿಗೆ ಬಂದು ಕಾಯಕ ನಿಂತಿರುವುದನ್ನು ನೆನಪಿಸಿದಳು. ದೇವರ ಮಾತು ಎಷ್ಟೇ ಹಿರಿದಾದರೂ ಮಾಡಬೇಕಾದ ಕೆಲಸವನ್ನು ಬಿಡಲು ಅದು ನೆವವಾಗದು ಎಂಬುದು ಆಕೆಯ ನಿಲುವು.

ಎಚ್ಚೆತ್ತ ಮಾರಯ್ಯ ಅವಸರದಿಂದ ಹೊರಟನು. ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿ ತಂದನು. ಬಡವರ ಮನೆಗೆ ಎರಡು ಪಾಲು ಅಕ್ಕಿ ಬಂದರೆ ಸಂತೋಷಪಡುವುದು ಸಹಜ. ನಾಳೆಯ ಚಿಂತೆ ತಪ್ಪಿತು ಎಂದು ಯಾರಾದರೂ ನಿಟ್ಟುಸಿರು ಬಿಡುತ್ತಿದ್ದರು. ಲಕ್ಕಮ್ಮನಿಗಾದರೋ ಅದೇ ಒಂದು ಸಮಸ್ಯೆಯಾಗಿ ತೋರಿತು. ಇಷ್ಟು ಅಕ್ಕಿಯನ್ನು ತಂದುದು ಗಂಡನ ಮನಸ್ಸೋ, ತಮ್ಮ ನಿಷ್ಠೆಯನ್ನು ಸಂದೇಹಿಸಿದ ಬಸವಣ್ಣನವರ ಮನಸ್ಸೋ ಎಂದು ಆಕೆ ವಿಚಾರಿಸಿದಳು. ಕೂಡಿಡುವ ಆಸೆ ಅರಸರಿಗೆ ಒಪ್ಪಬಹುದು, ಭಕ್ತರಿಗೆ ಅದು ಸಲ್ಲದು ಎಂದು ತಿಳಿಹೇಳಿದಳು. ಹೆಚ್ಚಾದ ಅಕ್ಕಿಯನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಮಾರಯ್ಯ ಕೋಪಿಸಿಕೊಳ್ಳಲಿಲ್ಲ, ಹೆಂಡತಿಯ ಮಾತಿನಲ್ಲಿದ್ದ ಸತ್ಯವನ್ನು ಮನಗಂಡು ಅದರಂತೆ ನಡೆದನು.

ಲಕ್ಕಮ್ಮನ ಹಿರಿಮೆಯಿರುವುದು ಆಕೆಯ ನೋಟದಲ್ಲಿ. ಅಕ್ಕಿ ಕಡಿಮೆಯಾದರೆ ತೊಂದರೆ ಎಂಬುದು ಲೋಕದ ಲೆಕ್ಕ. ಹೆಚ್ಚಾದ ಅಕ್ಕಿಯೂ ತೊಂದರೆಯೇ ಎಂಬುದು ಆಕೆಯ ಲೆಕ್ಕ. ಇಂದಿನ ಅನ್ನವನ್ನು ಕೊಟ್ಟ ಕಾಯಕ ನಾಳೆಯೂ ಕೊಟ್ಟೀತು ಎಂಬ ನಂಬಿಕೆ ಇರುವವರೆಗೆ ಒಂದು ದಿನದ ಅಕ್ಕಿಯೇ ಸಾಕು. ಆ ನಂಬಿಕೆ ಸಡಿಲಿದೊಡನೆ ಎಷ್ಟು ತಂದರೂ ಸಾಲದು. ತಮ್ಮ ಮನೆಗೆ ಬಂದ ಹೆಚ್ಚಿನ ಹಿಡಿ ಇನ್ನೊಬ್ಬರ ಪಾಲಿನದಾಗಿರಬಹುದು. ಹೀಗೆ ಅಕ್ಕಿಯ ಅಳತೆಯನ್ನು ಕುರಿತ ಮಾತು ಮನಸ್ಸಿನ ಅಳತೆಯನ್ನು ಕುರಿತ ಮಾತಾಗಿ ಬೆಳೆಯಿತು. ಇದೇ ದಂಪತಿಗಳು ಬಸವಣ್ಣನವರನ್ನೂ 1,96,000 ಜಂಗಮರನ್ನೂ ಮನೆಗೆ ಕರೆದು, ದಿನನಿತ್ಯದ ಅಕ್ಕಿಯಿಂದಲೇ ತೃಪ್ತಿಪಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಶ್ರದ್ಧಾವಂತರು ಇದನ್ನು ಪವಾಡವೆಂದು ನಂಬುತ್ತಾರೆ. ಅಲ್ಪವಾದುದೂ ಹಂಚುವ ಮನಸ್ಸಿನಿಂದ ದೊಡ್ಡದಾಗುತ್ತದೆ ಎಂಬ ಅರ್ಥವನ್ನು ಎಲ್ಲರೂ ಅದರಲ್ಲಿ ಕಾಣಬಹುದು.

ಲಕ್ಕಮ್ಮ ಬಡತನವನ್ನು ಹೊಗಳಿದಳೆಂದು ತಿಳಿಯಬಾರದು. ಹಸಿದವನು ಅನ್ನವನ್ನು ಬಯಸಿದರೆ ಅದು ದುರಾಸೆಯಲ್ಲ. ರೈತನು ಬರಗಾಲಕ್ಕೆಂದು ಕಾಳನ್ನು ಕಾಪಿಡುವುದು ತಪ್ಪಲ್ಲ. ಆಕೆಗೆ ಸೋಮಾರಿತನವೂ ಸಹ್ಯವಾಗಿರಲಿಲ್ಲ; ಗಂಡನನ್ನು ಮೊದಲು ದುಡಿಮೆಗೆ ಕಳುಹಿಸಿದವಳೂ ಆಕೆಯೇ. ಕಷ್ಟ ಬಂದಾಗ ಕೈಕಟ್ಟಿ ಕೂರುವುದನ್ನು ಆಕೆ ನಂಬಿಕೆ ಎಂದು ಕರೆಯಲಿಲ್ಲ. ಮಾಡಬೇಕಾದುದನ್ನು ಮಾಡಿ, ಮಿಕ್ಕುದಕ್ಕೆ ಅಂಜದಿರುವುದೇ ಆಕೆ ತೋರಿದ ನಂಬಿಕೆ.

ಈ ನಂಬಿಕೆ ಪುಸ್ತಕದಲ್ಲಿಯೇ ಉಳಿಯಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಹೊಣೆಯನ್ನು 1941ರಲ್ಲಿ ವಹಿಸಿಕೊಂಡ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ದವಸಧಾನ್ಯಗಳನ್ನು ಭಿಕ್ಷೆಯಾಗಿ ಪಡೆದು ತಂದರು. ಜಾತಿಮತಗಳ ಭೇದವಿಲ್ಲದೆ ಬಡಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿದರು. 2019ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಸಾವಿರಾರು ವಿದ್ಯಾರ್ಥಿಗಳು ಆಶ್ರಯ ಪಡೆದಿದ್ದರು. ಇಂದಿಗೂ ಆ ದಾಸೋಹ ನಡೆಯುತ್ತಿದೆ. ಭಿಕ್ಷೆಯನ್ನು ನೀಡಿದ ಮನೆಗಳಲ್ಲಿ ಎಷ್ಟೋ ಮನೆಗಳು ತಾವೇ ಕೊರತೆಯಲ್ಲಿದ್ದವು. ಆದರೂ ಗೃಹಿಣಿಯರು ತಮ್ಮ ಪಾಲಿನಿಂದ ಒಂದು ಹಿಡಿಯನ್ನು ತೆಗೆದುಕೊಟ್ಟರು. ಕಾಣದ ಊರಿನ ಯಾವನೋ ಹುಡುಗನ ತಟ್ಟೆಗೆ ಆ ಹಿಡಿ ತಲುಪಿತು.

ಹಾಗಲವಾಡಿಯ ಮನೆಗಳಲ್ಲಿ ಇಂದು ಕಷ್ಟಗಳ ರೂಪ ಬೇರೆಯಾಗಿರಬಹುದು: ಕೊಳವೆಬಾವಿಯ ನೀರು ಬತ್ತುವುದು, ಸಾಲದ ಕಂತು ಕೂಡಿಬರದಿರುವುದು, ದುಡಿಯುವ ಮಗ ದೂರದ ನಗರದಲ್ಲಿರುವುದು. ಇವುಗಳಲ್ಲಿ ಯಾವುದೂ ಕೇವಲ ನೋಟವನ್ನು ಬದಲಿಸಿದ ಮಾತ್ರಕ್ಕೆ ಮಾಯವಾಗದು. ಆದರೆ ಕಷ್ಟದ ಎದುರು ಮನೆಯವರು ಒಬ್ಬರನ್ನೊಬ್ಬರು ದೂರುವುದಕ್ಕೂ, ಒಟ್ಟಿಗೆ ಕುಳಿತು ಇರುವುದೆಷ್ಟು, ಬೇಕಾದುದೆಷ್ಟು, ಇದರಲ್ಲಿ ಯಾರ ಪಾಲಿದೆ ಎಂದು ವಿಚಾರಿಸುವುದಕ್ಕೂ ಬಹಳ ಅಂತರವಿದೆ. ಮಾರಯ್ಯ ಮತ್ತು ಲಕ್ಕಮ್ಮ ಒಂದು ಅಕ್ಕಿಗಂಟಿನ ಮುಂದೆ ನಿಂತು ಮಾಡಿದುದು ಇದೇ ವಿಚಾರವನ್ನು. ಎಂಟು ಶತಮಾನಗಳು ಕಳೆದರೂ ಆ ಮಾತು ಹಳತಾಗಿಲ್ಲ. ಒಲೆ ಉರಿಯುವ ಪ್ರತಿಯೊಂದು ಮನೆಗೂ ಅದು ಸಲ್ಲುತ್ತದೆ.