ಪದವಿ ತರಗತಿಗಳಲ್ಲಿ ಜಗತ್ತಿನ ಧರ್ಮಗಳ ಅಧ್ಯಯನ

ನಾನು ಬಿ.ಎ. ತರಗತಿಯಲ್ಲಿದ್ದಾಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಚರಿತ್ರೆಯ ಪರೀಕ್ಷೆಗೆಂದು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯಲ್ಲಿ, ಮುಸಲ್ಮಾನರು ಮಹಮ್ಮದ್ ಪೈಗಂಬರರನ್ನು ಪೂಜಿಸುತ್ತಾರೆ ಎಂದು ಬರೆದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮುಸಲ್ಮಾನ ಸಹಪಾಠಿ ಅದನ್ನು ಓದಿ ನಕ್ಕನು. "ನಾವು ಪೈಗಂಬರರನ್ನು ಗೌರವಿಸುತ್ತೇವೆ ಕಣೋ, ಪೂಜಿಸುವುದಿಲ್ಲ. ನಮ್ಮಲ್ಲಿ ಪೂಜೆ ದೇವರೊಬ್ಬನಿಗೇ. ನಮ್ಮ ಧರ್ಮದ ಬುಡವೇ ಅದು" ಎಂದನು. ನಾನು ನಾಚಿ ಆ ಸಾಲನ್ನು ಹೊಡೆದುಹಾಕಿದೆ. ಆಗ ಅವನು ಕೇಳಿದನು: "ಅದಿರಲಿ, ನಿಮ್ಮಲ್ಲಿ ಅಷ್ಟೊಂದು ದೇವರುಗಳಿದ್ದಾರಲ್ಲ, ನೀವು ಯಾರ ಮಾತು ಕೇಳುತ್ತೀರಿ?" ಅದಕ್ಕೆ ಉತ್ತರ ಹೇಳಲು ನನಗೆ ಬರಲಿಲ್ಲ.

ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವರ ಮನೆಯಲ್ಲಿ ರಂಜಾನ್ ಹಬ್ಬದ ಶೀರ್ ಕುರ್ಮಾ ನಾನು ಕುಡಿದಿದ್ದೆ. ನಮ್ಮ ಮನೆಯ ಯುಗಾದಿಯ ಹೋಳಿಗೆ ಅವನು ತಿಂದಿದ್ದನು. ಸ್ನೇಹಕ್ಕೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಇತ್ತು. ಸ್ನೇಹವಿದ್ದಮೇಲೆ ತಿಳಿವಳಿಕೆ ಏಕೆ ಎಂದು ಕೆಲವರು ಕೇಳಬಹುದು. ಊರಿನಲ್ಲಿ ಎಲ್ಲವೂ ನೆಟ್ಟಗಿರುವಾಗ ಬೇಕಾಗದೆ ಹೋಗಬಹುದು. ಆದರೆ ಯಾರೋ ಬಂದು "ಅವರು ಹಾಗಂತೆ, ಹೀಗಂತೆ" ಎಂದು ಕಿವಿಯಲ್ಲಿ ಊದಿದ ದಿನ, ತಿಳಿಯದವನು ನಂಬಿಬಿಡುತ್ತಾನೆ. ತಿಳಿದವನು "ಹಾಗಲ್ಲ" ಎನ್ನಬಲ್ಲನು. ಪದವೀಧರನಿಂದ ಸಮಾಜವು ಇಷ್ಟನ್ನಾದರೂ ನಿರೀಕ್ಷಿಸುವುದು ನ್ಯಾಯವಲ್ಲವೆ?

ಆದರೆ ನಮ್ಮದು ಸರ್ಕಾರಿ ಕಾಲೇಜು. ಇಲ್ಲಿ ಧರ್ಮದ ಮಾತೆತ್ತಬಹುದೆ ಎಂಬ ಶಂಕೆ ಸಹಜ. ಸಂವಿಧಾನದ 28ನೆಯ ಅನುಚ್ಛೇದವು, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆ ಕೂಡದೆಂದು ವಿಧಿಸಿದೆ. ಇದು ಯೋಗ್ಯವಾದ ವಿಧಿ. ಆದರೆ ಧರ್ಮಬೋಧೆ ಬೇರೆ, ಧರ್ಮಗಳ ಅಧ್ಯಯನ ಬೇರೆ. ಮೊದಲನೆಯದು "ಹೀಗೆ ನಂಬು" ಎನ್ನುತ್ತದೆ. ಎರಡನೆಯದು "ಇವರು ಹೀಗೆ ನಂಬುತ್ತಾರೆ, ಏಕೆಂದು ತಿಳಿ" ಎನ್ನುತ್ತದೆ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಧರ್ಮಗಳ ವಿಷಯವಾಗಿ ಅಧ್ಯಯನ ಮಾಡುವುದು 28ನೆಯ ಅನುಚ್ಛೇದಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು.

ಇದಕ್ಕೂ ಮೊದಲೇ, 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಪದವಿಯ ಮೂರು ವರ್ಷಗಳಿಗೂ ಒಂದು ಕ್ರಮವನ್ನು ಸೂಚಿಸಿತ್ತು. ಅದರ ಅಧ್ಯಕ್ಷರು ಡಾ. ಎಸ್. ರಾಧಾಕೃಷ್ಣನ್, 1918ರಿಂದ 1921ರವರೆಗೆ ನಮ್ಮ ಮೈಸೂರಿನಲ್ಲಿಯೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮೊದಲನೆಯ ವರ್ಷ ಬುದ್ಧ, ಕನ್ಫ್ಯೂಷಿಯಸ್, ಜರತುಷ್ಟ್ರ, ಏಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ್, ನಾನಕ್ ಮೊದಲಾದವರ ಜೀವನ. ಎರಡನೆಯ ವರ್ಷ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು. ಮೂರನೆಯ ವರ್ಷ ಧರ್ಮದ ತಾತ್ತ್ವಿಕ ಸಮಸ್ಯೆಗಳು: ಇದೇ ಆ ಕ್ರಮ. ಮೊದಲು ಮನುಷ್ಯ, ಆಮೇಲೆ ಗ್ರಂಥ, ಕಡೆಗೆ ವಿಚಾರ. ತನ್ನಷ್ಟಕ್ಕೆ ಓದುವವನಿಗೂ ಈ ಕ್ರಮವು ಚೆನ್ನಾಗಿ ಒದಗುತ್ತದೆ.

ಏನನ್ನು ಓದಬೇಕೆಂಬುದು ಆಯಿತು. ಹೇಗೆ ಓದಬೇಕು? ಇದಕ್ಕೆ ಅಲ್ ಬಿರೂನಿಗಿಂತ ಒಳ್ಳೆಯ ಗುರು ಸಿಕ್ಕಲಾರನು. 973ರಲ್ಲಿ ಖ್ವಾರಿಜ್ಮ್ ದೇಶದಲ್ಲಿ ಹುಟ್ಟಿದ ಈ ವಿದ್ವಾಂಸನನ್ನು, ಘಜ್ನಿಯ ಮಹಮೂದನು 1017ರಲ್ಲಿ ಆ ದೇಶವನ್ನು ಗೆದ್ದಾಗ ತನ್ನ ರಾಜಧಾನಿಗೆ ಕರೆದೊಯ್ದನು. ಮಹಮೂದನು ಭಾರತದ ಮೇಲೆ ದಂಡೆತ್ತಿ ಬರುತ್ತಿದ್ದ ಕಾಲದಲ್ಲಿಯೇ ಅಲ್ ಬಿರೂನಿ ಸಂಸ್ಕೃತ ಕಲಿಯುತ್ತಿದ್ದನು. ಪತಂಜಲಿಯ ಯೋಗಶಾಸ್ತ್ರವನ್ನು ಅರಬ್ಬಿಗೆ ತಂದನು. ಸುಮಾರು 1030ರಲ್ಲಿ ಭಾರತವನ್ನು ಕುರಿತ ತನ್ನ ಮಹಾಗ್ರಂಥವನ್ನು ಮುಗಿಸಿದನು. ಇದು ಖಂಡನೆಯ ಪುಸ್ತಕವಲ್ಲ, ಹಿಂದೂಗಳು ಹೇಳುವುದನ್ನು ಹೇಳಿದಂತೆ ಇಡುತ್ತೇನೆ ಎಂಬುದು ಅಲ್ಲಿ ಅವನ ಪ್ರತಿಜ್ಞೆ. ವಿಗ್ರಹಗಳ ವಿಷಯದಲ್ಲಿ ಪಂಡಿತರ ಭಾವನೆ ಬೇರೆ, ಸಾಮಾನ್ಯರ ಭಾವನೆ ಬೇರೆ ಎಂಬುದನ್ನೂ ಅವನು ಗಮನಿಸಿದನು. ಇಲ್ಲಿಯ ವಿದ್ವಾಂಸರ ಅಹಂಕಾರವನ್ನು ಟೀಕಿಸಿದನು; ಮಹಮೂದನ ದಾಳಿಗಳು ಈ ದೇಶದ ಸಂಪತ್ತನ್ನು ಹಾಳುಮಾಡಿ, ಜನರಲ್ಲಿ ದ್ವೇಷವನ್ನು ಬೆಳೆಸಿದುವು ಎಂದೂ ಮುಚ್ಚುಮರೆಯಿಲ್ಲದೆ ಬರೆದನು. ಇಷ್ಟಾದರೂ ತನ್ನ ಇಸ್ಲಾಮನ್ನು ಅವನು ಬಿಡಲಿಲ್ಲ. ಪರಧರ್ಮವನ್ನು ಓದಿದರೆ ಸ್ವಧರ್ಮದ ಶ್ರದ್ಧೆ ಕೆಡುತ್ತದೆಂದು ಅಂಜುವವರಿಗೆ ಅವನ ಜೀವನವೇ ಉತ್ತರ.

ಈ ಅಧ್ಯಯನಕ್ಕೆ ದ್ವೇಷ ಮಾತ್ರವಲ್ಲ, ಅವಸರದ ಔದಾರ್ಯವೂ ಅಡ್ಡಿಯಾಗುತ್ತದೆ. "ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ" ಎಂದು ನಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಸದುದ್ದೇಶದ ಮಾತೇ ನಿಜ. ಆದರೆ ಓದಿನ ಮೊದಲಲ್ಲೇ ಇದನ್ನು ಹೇಳಿಬಿಟ್ಟರೆ ಓದುವುದಕ್ಕೆ ಏನು ಉಳಿಯಿತು? ಜೈನಧರ್ಮವು ಲೋಕವನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ. ಇಸ್ಲಾಮಿಗೆ ಸೃಷ್ಟಿಕರ್ತನೇ ಸರ್ವಸ್ವ. ಜೈನರು ಅನಂತ ಜೀವಗಳನ್ನು ಒಪ್ಪುತ್ತಾರೆ. ಬೌದ್ಧರು ನಿತ್ಯವಾದ ಆತ್ಮವೇ ಇಲ್ಲವೆನ್ನುತ್ತಾರೆ. ಇವು ಸಣ್ಣ ಭೇದಗಳಲ್ಲ. ಭೇದವನ್ನು ಅಳಿಸಿ ಕೊಡುವ ಗೌರವಕ್ಕಿಂತ, ಭೇದವನ್ನು ತಿಳಿದು ಕೊಡುವ ಗೌರವ ದೊಡ್ಡದು.

ಕಂಠಪಾಠವೂ ಇನ್ನೊಂದು ಅಡ್ಡಿ. ಅಷ್ಟಾಂಗಮಾರ್ಗದ ಎಂಟು ಹೆಸರು, ಇಸ್ಲಾಮಿನ ಐದು ಸ್ತಂಭಗಳು, ಇವನ್ನು ಒಪ್ಪಿಸಿದರೆ ಅಂಕ ಬರಬಹುದು, ಧರ್ಮ ತಿಳಿಯುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1967ರಲ್ಲಿ ಈ ಶಾಸ್ತ್ರದ ವಿಭಾಗವನ್ನು ಆರಂಭಿಸಿದ ನಿನಿಯನ್ ಸ್ಮಾರ್ಟ್ ಎಂಬ ವಿದ್ವಾಂಸರು ಪ್ರತಿಯೊಂದು ಧರ್ಮವನ್ನೂ ಆರು ಮುಖಗಳಿಂದ ನೋಡಬೇಕೆಂದರು: ಆಚರಣೆ, ಪುರಾಣಕಥೆ, ಸಿದ್ಧಾಂತ, ನೀತಿ, ಸಮಾಜವ್ಯವಸ್ಥೆ ಮತ್ತು ಅನುಭವ. ಶ್ರವಣಬೆಳಗೊಳವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು ಆಚರಣೆ. ಅಣ್ಣ ಭರತನನ್ನು ಗೆದ್ದೂ ರಾಜ್ಯವನ್ನು ಬಿಟ್ಟುಕೊಟ್ಟ ಬಾಹುಬಲಿಯದು ಕಥೆ. ಕರ್ಮ ಕಳೆದರೆ ಮೋಕ್ಷವೆಂಬುದು ಸಿದ್ಧಾಂತ. ಅಹಿಂಸೆ, ಅಪರಿಗ್ರಹಗಳು ನೀತಿ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘವು ಸಮಾಜವ್ಯವಸ್ಥೆ. ಆ ಮೂರ್ತಿಯ ಮುಂದೆ ನಿಂತ ಭಕ್ತನ ಮನಸ್ಸಿನಲ್ಲಿ ಆಗುವುದು ಅನುಭವ. ಅದನ್ನು ಪುಸ್ತಕ ಹೇಳಲಾರದು, ಅವನನ್ನೇ ಕೇಳಬೇಕು.

ಇದಕ್ಕೆ ಹೊಸ ವಿಭಾಗವಾಗಲಿ ಹೊಸ ಪದವಿಯಾಗಲಿ ಬರುವತನಕ ಕಾಯಬೇಕಾಗಿಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುವವನು ಪಂಪನ ಆದಿಪುರಾಣದಲ್ಲಿ ಜೈನಧರ್ಮವನ್ನೂ, ವಚನಗಳಲ್ಲಿ ಶರಣಧರ್ಮವನ್ನೂ, ಕೀರ್ತನೆಗಳಲ್ಲಿ ಹರಿದಾಸರ ಭಕ್ತಿಯನ್ನೂ ಆಗಲೇ ಎದುರುಗೊಂಡಿದ್ದಾನೆ. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಷರೀಫರ ತತ್ತ್ವಪದಗಳನ್ನು ಹಾಡಿದ್ದಾನೆ. ಛಂದಸ್ಸು ಅಲಂಕಾರಗಳ ಜೊತೆಗೆ "ಇದನ್ನು ಬರೆದವನು ಏನನ್ನು ನಂಬಿದ್ದನು?" ಎಂಬ ಪ್ರಶ್ನೆಯನ್ನೂ ಹಾಕಿಕೊಂಡರೆ ಅಧ್ಯಯನ ಆರಂಭವಾದಂತೆಯೇ.

ಕೊನೆಯದಾಗಿ ಒಂದು ಕಲ್ಲಿನ ಕಥೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿಯಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡುಬಂದುವು. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಒಂದು. ಆ ಶಾಸನದ ತಾತ್ಪರ್ಯವಿಷ್ಟು: ಅಕಾರಣವಾಗಿ ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ನಾಲಗೆಗೆ ಕಡಿವಾಣವಿರಲಿ, ಒಬ್ಬರ ಧರ್ಮವನ್ನು ಒಬ್ಬರು ಕೇಳಿ ತಿಳಿಯಲಿ. ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲಿ ಕೆತ್ತಿಟ್ಟ ಪಾಠವಿದು.

ವಿದ್ಯಾರ್ಥಿಮಿತ್ರರೆ, ನನ್ನ ಸಹಪಾಠಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿಯೇ ನಾನು ನನ್ನ ಧರ್ಮವನ್ನು ಮೊದಲ ಬಾರಿಗೆ ಓದಿದ್ದು. ನಿಮ್ಮ ಬೆಂಚಿನಲ್ಲಿಯೂ ಅಂಥವನೊಬ್ಬನಿರುತ್ತಾನೆ. ಅವನ ಧರ್ಮದ ವಿಷಯವಾಗಿ ನಿಮಗೆ ತಿಳಿದದ್ದನ್ನು ಒಂದು ಪುಟ ಬರೆದು ಅವನ ಕೈಗೆ ಕೊಡಿ. ಎಲ್ಲಿ ತಪ್ಪಿದ್ದೀರೆಂದು ಅವನು ತೋರಿಸಲಿ. ಆಮೇಲೆ ಅವನು ಬರೆದುದನ್ನು ನೀವು ತಿದ್ದಿರಿ.