ನೇತ್ರಾಣಿಯಲ್ಲಿ ಉಸಿರಿನ ಪಾಠ

ನೀರಲ್ಲಿ ಮುಳುಗೋದು ಅಂದ್ರೆ ಉಸಿರು ಕಟ್ಟೋದು ಅಂತ ನಾನು ತಿಳಿದಿದ್ದೆ. ಆದರೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ, ನೇತ್ರಾಣಿ ದ್ವೀಪದ ಹವಳ ನೋಡಲು ಮುಳುಗುವವರಿಗೆ ಮೊದಲ ಪಾಠವೇ ಬೇರೆ: ಉಸಿರು ಕಟ್ಟಬೇಡಿ!

ಏಕೆ? ಅವರ ಬೆನ್ನಿನ ಸಿಲಿಂಡರಿನಲ್ಲಿರುವುದು ಒತ್ತಿ ತುಂಬಿದ ಗಾಳಿ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಇದೇ ಬಾಯ್ಲ್ ನಿಯಮ (1662). ಉಸಿರು ಬಿಡದಿದ್ದರೆ ಶ್ವಾಸಕೋಶ ಬಲೂನಿನಂತೆ ಒಡೆದು ಪ್ರಾಣವೇ ಹೋಗಬಹುದು.

ಬಾವಿಯಲ್ಲಿ ಮುಳುಗುವವರು ಗಾಳಿಯನ್ನು ಮೇಲಿಂದಲೇ ಒಯ್ಯುತ್ತಾರೆ. ವಾಪಸ್ ಬಂದಾಗ ಅದು ಮೊದಲಿನಷ್ಟೇ ಆಗುತ್ತೆ. ವ್ಯತ್ಯಾಸ ಇಷ್ಟೇ!

ನಿಧಾನವಾಗಿ ಉಸಿರಾಡುತ್ತಾ ನಿಧಾನವಾಗಿ ಮೇಲೆ ಬರುವುದೇ ಜಾಣತನ. ಹಾಗಂತ ನಮ್ಮ ಹೆಬ್ಬಾಳ ಕೆರೆಗೆ ಮಾತ್ರ ಇಳೀಬೇಡ್ರಪ್ಪಾ!